ಟ್ರೇಲರಿನ ಟರ್ನ್‌ಟೇಬಲ್ಲಿಗೂ ಕೊಂಡಿಗೂ ಜಿಡ್ಡು ಹಾಕುವ ಕ್ರಮ

ಮೈಸೂರು ನಗರದ ಚಾಮರಾಜಪುರಂ ರೈಲ್ವೆ ನಿಲ್ದಾಣದಲ್ಲಿ ನಿಂತು, ಅಶೋಕಪುರಂ, ಕಡಕೊಳ ಮಾರ್ಗವಾಗಿ ನಂಜನಗೂಡಿಗೆ ಹೊರಡುವ ಗಾಡಿಯನ್ನು ನೋಡಿದವರು ಬಹುಮಂದಿ ಇರುವರು. ಅದರ ಡಬ್ಬಿಯ ಕೆಳಗೆ ಬಗ್ಗಿ ನೋಡಿದವರು ವಿರಳ. ಅಷ್ಟು ಉದ್ದದ ಡಬ್ಬಿಯು ಹಳಿಯ ತಿರುವಿನಲ್ಲಿ ಹೇಗೆ ಬಾಗುವುದೆಂಬುದಕ್ಕೆ ಉತ್ತರವು ಅಲ್ಲಿಯೇ ಇದೆ. ಡಬ್ಬಿಯು ನೇರವಾಗಿ ಗಾಲಿಗಳ ಮೇಲೆ ಕುಳಿತಿರದೆ, ಎರಡು ಗಿಡ್ಡ ಬಂಡಿಗಳ ಮೇಲೆ ಕುಳಿತಿರುತ್ತದೆ. ಬೋಗಿಯೆಂಬುದು ಈ ಗಿಡ್ಡ ಬಂಡಿಯ ಹೆಸರು. ಜನರು ಇಡೀ ಡಬ್ಬಿಯನ್ನೇ ಬೋಗಿ ಎಂದು ಕರೆಯುವುದು ರೂಢಿಯಿಂದ ಬಂದದ್ದು. ಪೆರಂಬೂರಿನ ಹಳೆಯ ಮಾದರಿಯ ಡಬ್ಬಿಗಳಲ್ಲಿ ಮೇಲಿನ ಭಾರವು ಬೋಗಿಯ ಎರಡು ಪಕ್ಕಗಳಲ್ಲಿರುವ ಆಸರೆಗಳ ಮೇಲೆ ಬೀಳುತ್ತದೆ. ಆ ಆಸರೆಗಳೆಂದರೆ ಎಣ್ಣೆ ತುಂಬಿದ ಬಟ್ಟಲುಗಳು. ಅವುಗಳೊಳಗೆ ನುಣುಪುಗೊಳಿಸಿದ ಉಕ್ಕಿನ ತಟ್ಟೆಯೊಂದು, ಅದರ ಮೇಲೆ ಜಾರುವ ಕಂಚಿನ ತುಂಡೊಂದು. ಉಕ್ಕಿನ ಮೇಲೆ ಉಕ್ಕನ್ನೇ ಕೂರಿಸದೆ ಕಂಚನ್ನು ಕೂರಿಸಿರುವುದೂ, ಅದನ್ನು ಎಣ್ಣೆಯಲ್ಲಿ ಮುಳುಗಿಸಿರುವುದೂ ಒಂದೇ ಉದ್ದೇಶಕ್ಕಾಗಿ: ಭಾರ ಹೊತ್ತ ಎರಡು ಮೈಗಳು ಒಂದರ ಮೇಲೊಂದು ತಿರುಗಬೇಕಾದಲ್ಲಿ ಅವುಗಳ ನಡುವೆ ಜಾರುವ ವಸ್ತುವೊಂದು ಇರಲೇಬೇಕು.

ರೈಲ್ವೆಯವರು ಕಾರ್ಯಾಗಾರದಲ್ಲಿ ಇಷ್ಟು ಎಚ್ಚರದಿಂದ ನೋಡಿಕೊಳ್ಳುವ ಈ ಸ್ಥಾನವೇ ರೈತನ ಕಬ್ಬಿನ ಟ್ರೇಲರಿನಲ್ಲಿಯೂ ಉಂಟು. ನಾಲ್ಕು ಗಾಲಿಯ ಟ್ರೇಲರಿನ ಮುಂದಿನ ಅಚ್ಚು ತೊಟ್ಟಿಗೆ ಬಿಗಿಯಾಗಿ ಕೂಡಿಕೊಂಡಿರುವುದಿಲ್ಲ. ಅಚ್ಚಿನ ಮೇಲೊಂದು, ತೊಟ್ಟಿಯ ತಳಕ್ಕೊಂದು ಕಬ್ಬಿಣದ ಬಳೆಯನ್ನು ಜೋಡಿಸಿ, ಒಂದರ ಮೇಲೊಂದು ತಿರುಗುವಂತೆ ಮಾಡಿರುತ್ತಾರೆ. ಇದಕ್ಕೆ ವರ್ಕ್‌ಷಾಪಿನವರು ಟರ್ನ್‌ಟೇಬಲ್ ಎನ್ನುವರು. ಕೆಲವಲ್ಲಿ ಬಳೆಗಳ ನಡುವೆ ಉಕ್ಕಿನ ಗುಂಡುಗಳಿರುತ್ತವೆ. ಅಗ್ಗದವುಗಳಲ್ಲಿ ಬಳೆಯ ಮೇಲೆ ಬಳೆ ನೇರವಾಗಿ ಉಜ್ಜುತ್ತದೆ. ಮೈಸೂರಿನಲ್ಲಿ ಸಾರೋಟನ್ನು ಕಂಡವರು ಇದೇ ಏರ್ಪಾಡನ್ನು ಅದರ ಮುಂದಿನ ಗಾಲಿಗಳ ಮೇಲೆಯೂ ಕಾಣಬಹುದು. ಎರಡು ಗಾಲಿಯ ಟಾಂಗಾಕ್ಕಾಗಲಿ, ನಮ್ಮ ಎತ್ತಿನ ಗಾಡಿಗಾಗಲಿ ಇದು ಬೇಕಿಲ್ಲ. ನಾಲ್ಕು ಗಾಲಿಗಳ ಮೇಲೆ ಮಲಗಿಸಿಟ್ಟ ಈ ಬಳೆಯನ್ನೇ ಪಾಶ್ಚಾತ್ಯ ಬಂಡಿಕಾರರು ಐದನೆಯ ಚಕ್ರವೆಂದು ಕರೆದರು. ಈಗ ದೊಡ್ಡ ಟ್ರೇಲರ್ ಲಾರಿಯ ಎಂಜಿನ್ ಭಾಗದ ಬೆನ್ನಿನ ಮೇಲಿರುವ ದಪ್ಪ ತಟ್ಟೆಗೂ ಅದೇ ಹೆಸರು ಉಳಿದುಬಂದಿದೆ.

ಎತ್ತಿನ ಗಾಡಿಯ ಕಾಲದಲ್ಲಿ ಜಿಡ್ಡಿನ ವಿಷಯವನ್ನು ರೈತನಿಗೆ ಯಾರೂ ಉಪದೇಶಿಸಬೇಕಾಗಿರಲಿಲ್ಲ. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಂಪನಿಗೆ ಎತ್ತಿನ ಗಾಡಿಗಳಲ್ಲಿ ಕಬ್ಬು ಹೋಗುತ್ತಿದ್ದಾಗ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮಾಡಿದ ಕೀಲೆಣ್ಣೆಯು ಗಾಡಿಯ ಕೆಳಗೆ ಬಿದಿರ ಕೊಳವೆಯಲ್ಲಿ ತೂಗಾಡುತ್ತಿತ್ತು. ಹರಳೆಣ್ಣೆಯು ಮಂದವಾದದ್ದು, ಲೋಹಕ್ಕೆ ಗಟ್ಟಿಯಾಗಿ ಅಂಟತಕ್ಕದ್ದು. ಆದರೆ ಕಾಲಕ್ರಮೇಣ ಗೋಂದಿನಂತಾಗುವುದರಿಂದ ಮತ್ತೆ ಮತ್ತೆ ಹಾಕಬೇಕಾಗುತ್ತಿತ್ತು. ಹಾಕಲು ಮರೆತರೆ ಗಾಡಿಯೇ ಊರೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು, ಎತ್ತುಗಳು ನಿಲ್ಲುತ್ತಿದ್ದವು. ಟ್ರ್ಯಾಕ್ಟರಿಗೆ ಈ ಗುಣವಿಲ್ಲ. ಅದರ ಸದ್ದಿನಲ್ಲಿ ಟ್ರೇಲರಿನ ನರಳಾಟವು ಕೇಳಿಸುವುದಿಲ್ಲ. ನಲವತ್ತೈದು ಐವತ್ತು ಕುದುರೆಶಕ್ತಿಯ ಎಂಜಿನ್ನು ಒಣಗಿದ ಕೀಲನ್ನೂ ಎಳೆದುಕೊಂಡೇ ಹೋಗುತ್ತದೆ. ಆದ್ದರಿಂದಲೇ ಎಂಜಿನ್ನಿಗೆ ತಪ್ಪದೆ ಎಣ್ಣೆ ಬದಲಾಯಿಸುವ ಜಮೀನುದಾರರೂ ಟರ್ನ್‌ಟೇಬಲ್ಲನ್ನು ವರ್ಷಾನುಗಟ್ಟಲೆ ಮುಟ್ಟದೆ ಬಿಡುವರು.

ಇದರಿಂದಾಗುವ ನಷ್ಟವನ್ನು ಲೆಕ್ಕದಿಂದ ತಿಳಿಯಬಹುದು. ಎಂಟು ಟನ್ನಿನ ಹೊರೆಯಲ್ಲಿ ಸುಮಾರು ಅರ್ಧ, ಅಂದರೆ ನಾಲ್ಕು ಟನ್ನು, ಮುಂದಿನ ಟರ್ನ್‌ಟೇಬಲ್ಲಿನ ಮೇಲೆ ಕುಳಿತಿರುತ್ತದೆ ಎಂದಿಟ್ಟುಕೊಳ್ಳೋಣ. ಒಣ ಉಕ್ಕಿನ ಮೇಲೆ ಒಣ ಉಕ್ಕನ್ನು ಜಾರಿಸಲು ಮೇಲಿರುವ ಭಾರದ ಅರ್ಧದಷ್ಟಾದರೂ ಬಲವು ಬೇಕಾಗುತ್ತದೆ. ಜಿಡ್ಡು ಚೆನ್ನಾಗಿದ್ದರೆ ಸುಮಾರು ಹತ್ತನೆಯ ಒಂದು ಭಾಗವು ಸಾಕು. ಗುಂಡುಗಳಿಲ್ಲದ ಬಳೆಯಾದರೆ ಮೊದಲನೆಯ ಪಕ್ಷದಲ್ಲಿ ಎರಡು ಟನ್ನು, ಎರಡನೆಯ ಪಕ್ಷದಲ್ಲಿ ನಾಲ್ಕು ಕ್ವಿಂಟಲ್. ಈ ವ್ಯತ್ಯಾಸದ ಒಂದು ಭಾಗವು ಟ್ರ್ಯಾಕ್ಟರಿನ ಹಿಂದಿನ ಕೊಂಡಿಯ ಮೇಲೆ ಪಕ್ಕದ ಒತ್ತಾಗಿ ಬೀಳುತ್ತದೆ. ಭಾರದ ಎಳೆತದಿಂದ ಟ್ರ್ಯಾಕ್ಟರಿನ ಮೂತಿಯು ಮೊದಲೇ ಹಗುರವಾಗಿರುತ್ತದೆ. ಸವಾರನು ಸ್ಟೇರಿಂಗನ್ನು ತಿರುಗಿಸಿದರೂ ಮುಂದಿನ ಗಾಲಿಗಳು ಮಣ್ಣಿನ ಮೇಲೆ ಜಾರಿ ಬಂಡಿಯು ನೇರವಾಗಿಯೇ ಹೋಗುತ್ತದೆ. ಬಯಲು ರಸ್ತೆಯಲ್ಲಿ ಇದರಿಂದ ಟೈರು ಸವೆಯುವುದಷ್ಟೆ. ನಾಲೆಯ ಏರಿಯ ಮೇಲಿನ ತಿರುವಿನಲ್ಲಿ, ರಾತ್ರಿಯ ವೇಳೆ, ಕಬ್ಬಿನ ಮೇಲೆ ಆಳುಗಳು ಕುಳಿತಿರುವಾಗ ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ. ಹೊರೆಯ ಮೇಲೆ ಆಳುಗಳನ್ನು ಕೂರಿಸುವುದೇ ತಪ್ಪು. ಗ್ರಾಮದ ಮುಖಂಡರು ಇದನ್ನು ಖಂಡಿತವಾಗಿ ತಡೆಯತಕ್ಕದ್ದು.

ಜಿಡ್ಡು ಹಾಕುವ ಕ್ರಮವು ಹೀಗೆ. ಕಬ್ಬು ಸಾಗಿಸುವ ಕಾಲವು ಆರಂಭವಾಗುವ ಮುನ್ನ ಬರಿದಾದ ತೊಟ್ಟಿಯ ಮುಂಭಾಗವನ್ನು ಜಾಕಿನಿಂದ ಎತ್ತಿ, ಭದ್ರವಾದ ಮರದ ದಿಮ್ಮಿಗಳ ಮೇಲೆ ನಿಲ್ಲಿಸಬೇಕು. ಜಾಕಿಯೊಂದನ್ನೇ ನಂಬಿ ಯಾರೂ ಕೆಳಗೆ ನುಸುಳಕೂಡದು. ಹಳೆಯ ಜಿಡ್ಡನ್ನು ಕೆರೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಳೆಯ ಮೈಯಲ್ಲಿ ಗೀರು, ಬಿರುಕು, ಎದ್ದುನಿಂತ ಅಂಚು ಇವೆಯೇ ಎಂದು ಬೆರಳಾಡಿಸಿ ನೋಡಬೇಕು. ಈ ಕೆರೆಯುವ ಕೆಲಸವನ್ನು ಬಿಟ್ಟು ಮೇಲೆಯೇ ಹೊಸ ಗ್ರೀಸನ್ನು ಮೆತ್ತುವವರೇ ಹೆಚ್ಚು. ಹೊಲದ ಮರಳು ಹಳೆಯ ಗ್ರೀಸಿನಲ್ಲಿ ಕೂಡಿದರೆ ಅದು ಜಿಡ್ಡಾಗಿ ಉಳಿಯದೆ ಸಾಣೆಯಾಗುತ್ತದೆ. ಅಂತಹ ಗ್ರೀಸಿಗಿಂತ ಗ್ರೀಸಿಲ್ಲದಿರುವುದೇ ಎಷ್ಟೋ ವಾಸಿ ಎನ್ನಬಹುದು. ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯನ್ನು ಸುರಿಯುವ ವಾಡಿಕೆಯೂ ಕೆಲವೆಡೆ ಇದೆ. ಅದು ತೆಳುವಾದದ್ದರಿಂದ ಭಾರದ ಕೆಳಗೆ ನಿಲ್ಲದೆ ಹರಿದುಹೋಗುತ್ತದೆ, ಜೊತೆಗೆ ಎಂಜಿನ್ನಿನಲ್ಲಿ ಸವೆದ ಲೋಹದ ಪುಡಿಯನ್ನೂ ತಂದಿರುತ್ತದೆ. ಎರಡನೆಯ ನಂಬರಿನ ಲೀಥಿಯಂ ಗ್ರೀಸು ಈ ಕೆಲಸಕ್ಕೆ ತಕ್ಕದ್ದು. ಭಾರವು ಹೆಚ್ಚಾಗಿದ್ದಲ್ಲಿ ಮಾಲಿಬ್ಡಿನಂ ಬೆರೆತ ಕಪ್ಪು ಗ್ರೀಸು ಉತ್ತಮ. ಗ್ರೀಸು ಗನ್ನಿನಿಂದ ಒತ್ತುವಾಗ ತೊಟ್ಟಿಯ ಭಾರವನ್ನು ಎತ್ತಿಯೇ ಇರಬೇಕು, ಅಚ್ಚನ್ನು ಎಡಬಲಕ್ಕೆ ತಿರುಗಿಸುತ್ತಲೂ ಇರಬೇಕು. ಇಲ್ಲವಾದರೆ ಗ್ರೀಸು ಬಳೆಯ ಒಂದು ಕಡೆಯಲ್ಲಿಯೇ ನಿಲ್ಲುತ್ತದೆ. ಸಾಗಾಣಿಕೆಯ ಕಾಲದಲ್ಲಿ ವಾರಕ್ಕೊಮ್ಮೆ, ಮಳೆಯಲ್ಲಿ ನೆನೆದರೆ ಮರುದಿನವೇ, ಗನ್ನಿನಿಂದ ಗ್ರೀಸು ಒತ್ತುವುದು ಮೇಲು.

ಟ್ರೇಲರ್ ಲಾರಿಗಳಲ್ಲಿ ಗ್ರೀಸಿನ ಬದಲು ಜಾರುವ ಪ್ಲಾಸ್ಟಿಕ್ ತಟ್ಟೆಯನ್ನು ಇಡುವ ಪದ್ಧತಿಯೊಂದುಂಟು. ಕೊಯ್ಲಿನ ಯಂತ್ರಗಳನ್ನು ಸಾಗಿಸಲು ಇಂತಹ ಲಾರಿಯನ್ನಿಟ್ಟುಕೊಂಡವರಿಗೆ ಇದು ತಿಳಿದಿರಬೇಕು. ಲಾರಿಯ ಐದನೆಯ ಚಕ್ರದ ಮೇಲೆ ಟ್ರೇಲರಿನ ತಳದ ತಟ್ಟೆಯು ಕುಳಿತು, ಅದರಿಂದ ಕೆಳಗಿಳಿದ ಕಿಂಗ್‌ಪಿನ್ ಎಂಬ ಗೂಟವನ್ನು ಕೆಳಗಿನ ದವಡೆಗಳು ಹಿಡಿದುಕೊಳ್ಳುತ್ತವೆ. ನಡುವೆ ತೂತುಳ್ಳ ಪ್ಲಾಸ್ಟಿಕ್ ತಟ್ಟೆಯನ್ನು ಈ ಗೂಟಕ್ಕೆ ತೊಡಿಸಿದರೆ ಉಕ್ಕಿಗೆ ಉಕ್ಕು ತಾಗುವುದಿಲ್ಲ. ಗ್ರೀಸಿನ ಮೇಲೆ ಧೂಳು ಕೂಡುವ ತೊಂದರೆಯೂ ತಪ್ಪುವುದು. ಅತಿಭಾರದ ಅಣುಗಳ ಪಾಲಿಎಥಿಲೀನಿನಿಂದ ಮಾಡಿದ ತಟ್ಟೆಯು ಚೆನ್ನಾದ ಗ್ರೀಸಿಗೆ ಸಮೀಪವಾಗಿಯೇ ಜಾರುತ್ತದೆ.

ಆದರೆ ತಟ್ಟೆಯನ್ನಿಟ್ಟ ಮೇಲೆ ಕೊಂಡಿಯ ಯೋಚನೆಯೇ ಬೇಡವೆಂದು ತಿಳಿಯುವುದು ಅಪಾಯಕರ. ತಟ್ಟೆಯು ಮೇಲ್ಮೈಯನ್ನು ಮಾತ್ರ ಕಾಯುತ್ತದೆ. ಗೂಟಕ್ಕೂ ದವಡೆಗಳಿಗೂ ಗ್ರೀಸು ಎಂದಿನಂತೆ ಬೇಕೇ ಬೇಕು. ಇದಕ್ಕಿಂತ ಮುಖ್ಯವಾದದ್ದು ದಪ್ಪದ ವಿಷಯ. ತಟ್ಟೆಯ ದಪ್ಪದಷ್ಟು ಟ್ರೇಲರು ಮೇಲಕ್ಕೇಳುವುದರಿಂದ ಗೂಟವೂ ಅಷ್ಟೇ ಮೇಲಕ್ಕೇಳುತ್ತದೆ. ದವಡೆಗಳು ಗೂಟದ ಸಣ್ಣಗಿನ ಕುತ್ತಿಗೆಯನ್ನೇ ಹಿಡಿಯಬೇಕು. ತಯಾರಕರು ಒಪ್ಪಿದ ದಪ್ಪಕ್ಕಿಂತ ಹೆಚ್ಚಿನ ತಟ್ಟೆಯನ್ನೋ, ಅಂಗಡಿಯಲ್ಲಿ ಸಿಕ್ಕಿದ ಹಲಗೆಯನ್ನು ಕತ್ತರಿಸಿಯೋ ಇಟ್ಟರೆ, ದವಡೆಗಳು ಗೂಟದ ತುದಿಯ ಅಂಚನ್ನು ಕಚ್ಚಿ, ಬೀಗ ಬಿದ್ದಂತೆಯೇ ತೋರುತ್ತವೆ. ನಿಂತಿರುವಾಗ ಏನೂ ತಿಳಿಯದು. ದಾರಿಯ ಹಳ್ಳವೊಂದರಲ್ಲಿ ಟ್ರೇಲರು ಕಳಚಿಕೊಳ್ಳುತ್ತದೆ. ಆದಕಾರಣ ಕೊಂಡಿ ಹಾಕಿದ ಪ್ರತಿ ಸಲವೂ ಸವಾರನು ಕೆಳಗಿಳಿದು ಬಗ್ಗಿ, ಟಾರ್ಚು ಹಿಡಿದು, ದವಡೆಗಳು ಕುತ್ತಿಗೆಯನ್ನು ಸುತ್ತಿ ಮುಚ್ಚಿವೆಯೇ ಎಂದು ಕಣ್ಣಾರೆ ನೋಡತಕ್ಕದ್ದು. ಬಳಿಕ ಟ್ರೇಲರಿನ ಬ್ರೇಕನ್ನು ಹಿಡಿದು ಲಾರಿಯನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡತಕ್ಕದ್ದು. ಸಾಮಾನ್ಯ ಕಿಂಗ್‌ಪಿನ್ನಿನ ಕುತ್ತಿಗೆಯು ಹೊಸದಾಗಿದ್ದಾಗ 50.8 ಮಿಲಿಮೀಟರ್ ಇರುತ್ತದೆ. ಅದು 49ಕ್ಕೆ ಸವೆದರೆ ಬದಲಾಯಿಸಬೇಕು. ಪ್ಲಾಸ್ಟಿಕ್ ತಟ್ಟೆಯು ಸುಮಾರು 130 ಡಿಗ್ರಿ ಶಾಖಕ್ಕೆ ಕರಗತಕ್ಕದ್ದಾದ್ದರಿಂದ, ಸಮೀಪದಲ್ಲಿ ವೆಲ್ಡಿಂಗ್ ಮಾಡುವಾಗ ಅದನ್ನು ತೆಗೆದಿಡಬೇಕು.

ಟ್ರ್ಯಾಕ್ಟರಿನ ಟ್ರೇಲರಿಗೆ ಲಾರಿಯ ತಟ್ಟೆಯು ಹೊಂದುವುದಿಲ್ಲ. ಅಲ್ಲಿ ಗ್ರೀಸೇ ಸರಿ. ಅದರಲ್ಲಿ ಸವೆಯುವುದು ಮೂಕಿಯಂತೆ ಮುಂದಕ್ಕೆ ಚಾಚಿದ ಕಬ್ಬಿಣದ ತುದಿಯಲ್ಲಿರುವ ಉಂಗುರ ಮತ್ತು ಅದರೊಳಗಿನ ಪಿನ್ನು. ಹೊಸ ಪಿನ್ನೊಂದನ್ನು ಮನೆಯಲ್ಲಿಟ್ಟುಕೊಂಡು ಹಳೆಯದನ್ನು ತಿಂಗಳಿಗೊಮ್ಮೆ ಅದರ ಪಕ್ಕದಲ್ಲಿ ಹಿಡಿದು ನೋಡುವುದು ಸುಲಭವಾದ ಪರೀಕ್ಷೆ. ಸೊಂಟವು ಸಣ್ಣಗಾದ ಪಿನ್ನನ್ನು ಆ ದಿನವೇ ಬದಲಾಯಿಸಬೇಕು. ಪಿನ್ನಿನ ಕೆಳಗಿನ ಕ್ಲಿಪ್ಪು ಕಳೆದುಹೋದಾಗ ಕಬ್ಬಿನ ಸಿಬಿರನ್ನೋ ತಂತಿಯನ್ನೋ ಸಿಕ್ಕಿಸಿ ಹೊರಡುವುದುಂಟು. ಕಾಲಾಣೆಯ ಕಡಾಣಿಗಾಗಿ ಗಾಡಿಯನ್ನು ನಿಲ್ಲಿಸುತ್ತಿದ್ದ ಹಿರಿಯರು ಇದನ್ನು ಒಪ್ಪುತ್ತಿರಲಿಲ್ಲ. ಕೊಂಡಿಯ ಜೊತೆಗೆ ಗಟ್ಟಿಯಾದ ಸರಪಳಿಯೊಂದನ್ನು ಟ್ರ್ಯಾಕ್ಟರಿನಿಂದ ಟ್ರೇಲರಿಗೆ, ತಿರುವಿಗೆ ಸಾಕಾಗುವಷ್ಟು ಮಾತ್ರ ಸಡಿಲವಿಟ್ಟು, ಯಾವಾಗಲೂ ಕಟ್ಟಿರತಕ್ಕದ್ದು. ಎರಡು ಟ್ರೇಲರುಗಳನ್ನು ಒಂದರ ಹಿಂದೊಂದು ಎಳೆಯುವವರು ಹಿಂದಿನದಕ್ಕೂ ಇದೇ ಏರ್ಪಾಡನ್ನು ಮಾಡಬೇಕು. ಏಕೆಂದರೆ ಅದು ಕಳಚಿಕೊಂಡದ್ದು ಸವಾರನಿಗೆ ಎಷ್ಟೋ ದೂರ ಹೋದ ಮೇಲೆ ತಿಳಿಯುವುದು.