ಹಿಂಗಾಜಿನ ಮಂಜು ನಿವಾರಕದ ದೋಷಪರೀಕ್ಷೆ

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಕೊಡಗು, ಸಕಲೇಶಪುರ, ಮೂಡಿಗೆರೆ ಮೊದಲಾದ ಸೀಮೆಗಳಲ್ಲಿ ಮುಂಜಾನೆಯ ಚಳಿಗೆ ಮೋಟಾರು ವಾಹನದ ಹಿಂಗಾಜಿನ ಒಳಮೈಯಲ್ಲಿ ತೇವವು ಕಟ್ಟುವುದುಂಟು. ಕಾಫಿ ಹಣ್ಣು ಕೀಳುವ ಕಾಲವೂ ಇದೇ. ಆಳುಗಳೂ ಮಕ್ಕಳೂ ದನಗಳೂ ತಿರುಗಾಡುವ ಕಣದಲ್ಲಿ ಹಿಂದಿನದು ಕಾಣದೆ ವಾಹನವನ್ನು ಹಿಮ್ಮೆಟ್ಟಿಸುವುದು ಬಹು ಅಪಾಯಕರವು. ಇದರ ನಿವಾರಣೆಗಾಗಿಯೇ ಅನೇಕ ವಾಹನಗಳ ಹಿಂಗಾಜಿಗೆ ಬೆಳ್ಳಿ ಬೆರೆತ ಲೇಪದ ಸಣ್ಣ ಗೆರೆಗಳನ್ನು ಹಾಕಿರುತ್ತಾರೆ. ವಿದ್ಯುತ್ತು ಹರಿದಾಗ ಅವು ಕಾದು ತೇವವನ್ನು ಆರಿಸುತ್ತವೆ. ಇವು ಕೆಲಸಮಾಡದಿದ್ದರೆ ಗಾಜನ್ನೇ ಬದಲಾಯಿಸಬೇಕೆನ್ನುವವರುಂಟು. ಅಂತಹ ವೆಚ್ಚಕ್ಕೆ ಒಪ್ಪುವ ಮೊದಲು ಯಜಮಾನರು ಈ ಪರೀಕ್ಷೆಯನ್ನು ಮಾಡಿಸತಕ್ಕದ್ದು.

ಎಂಜಿನನ್ನು ನಡೆಸಿ ಸ್ವಿಚ್ಚನ್ನು ಹಾಕಬೇಕು. ಸುಮಾರು 10–15 ನಿಮಿಷಗಳ ಮೇಲೆ ತಾನಾಗಿ ನಿಲ್ಲುವುದು ಅನೇಕ ವಾಹನಗಳಲ್ಲಿ ಇರುವ ಏರ್ಪಾಡೇ ಹೊರತು ದೋಷವಲ್ಲ. ಒಂದೆರಡು ಗೆರೆಗಳ ಎಡೆ ಮಾತ್ರ ಮಂಜು ಉಳಿದರೆ ಆ ಗೆರೆಗಳು ತುಂಡಾಗಿವೆಯೆಂದು ತಿಳಿಯಬೇಕು. ಗಾಜೆಲ್ಲವೂ ಹಾಗೆಯೇ ಇದ್ದರೆ ದೋಷವು ಸಾಮಾನ್ಯವಾಗಿ ಗೆರೆಗಳಲ್ಲಿರುವುದಿಲ್ಲ.

ಆಗ ವೋಲ್ಟ್ ಮೀಟರಿನ ಕಪ್ಪು ತಂತಿಯನ್ನು ವಾಹನದ ಬಣ್ಣವಿಲ್ಲದ ಲೋಹಕ್ಕೆ ಹಿಡಿದು, ಕೆಂಪು ತಂತಿಯನ್ನು ಗಾಜಿನ ಎರಡು ಅಂಚಿನ ಅಗಲ ಪಟ್ಟಿಗಳಿಗೆ ಒಂದಾದ ಮೇಲೊಂದರಂತೆ ಮುಟ್ಟಿಸತಕ್ಕದ್ದು. ಒಂದು ಕಡೆ 12 ವೋಲ್ಟಿಗೆ ಕಡಮೆಯಿಲ್ಲದೆ, ಇನ್ನೊಂದು ಕಡೆ ಸೊನ್ನೆಯ ಸಮೀಪ ತೋರುವುದು ಸರಿಯಾದ ಸ್ಥಿತಿ. ಎರಡು ಕಡೆಯೂ 12 ತೋರಿದರೆ ವಿದ್ಯುತ್ತು ಬಂದಿದೆ, ಮರಳುವ ದಾರಿಯಿಲ್ಲ. ಅರ್ಥ್ ತಂತಿಯನ್ನು ನೋಡಬೇಕು. ಎರಡು ಕಡೆಯೂ ಸೊನ್ನೆಯಾದರೆ ಫ್ಯೂಸ್, ರಿಲೇ, ಸ್ವಿಚ್ಚು, ಪಟ್ಟಿಗೆ ಬೆಸೆದ ತಂತಿ, ಇವುಗಳನ್ನು ಪರೀಕ್ಷಿಸಬೇಕು. ಮೇಲಕ್ಕೆತ್ತುವ ಹಿಂಬಾಗಿಲಿನ ವಾಹನಗಳಲ್ಲಿ, ಕೀಲಿನ ಬಳಿಯ ರಬ್ಬರ್ ಕೊಳವೆಯೊಳಗೆ ತಂತಿಯು ಮಡಿಸಿ ಮಡಿಸಿ ತುಂಡಾಗುವುದು ಬಹಳ. ಹೊರಗೆ ಏನೂ ಕಾಣದ್ದರಿಂದ ಇದನ್ನು ಯಾರೂ ಸಂಶಯಿಸುವುದಿಲ್ಲ. ಸುಟ್ಟ ಫ್ಯೂಸಿಗೆ ಬದಲಾಗಿ ಹೆಚ್ಚು ಆಂಪಿಯರಿನದನ್ನಾಗಲಿ ತಾಮ್ರದ ಎಳೆಯನ್ನಾಗಲಿ ಎಂದಿಗೂ ಹಾಕಕೂಡದು. ತಂತಿಯೇ ಕಾದು ಬೆಂಕಿ ಹತ್ತೀತು.

ತುಂಡಾದ ಗೆರೆಯಲ್ಲಿ ಎಲ್ಲಿಯೂ ವಿದ್ಯುತ್ತು ಹರಿಯದಾದುದರಿಂದ ಅದರ ಉದ್ದಕ್ಕೂ ಮಂಜು ನಿಲ್ಲುವುದು. ಬಿರುಕಿನ ಸ್ಥಳವನ್ನು ಮೀಟರೇ ಹೇಳಬೇಕು. ಕೆಂಪು ಮೊನೆಗೆ ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಸುತ್ತಿದರೆ ಲೇಪಕ್ಕೆ ಗಾಯವಾಗದು. ಒಳ್ಳೆಯ ಗೆರೆಯ ನಡುವೆ ಸುಮಾರು 6 ವೋಲ್ಟು ತೋರುವುದು. ಕೆಟ್ಟುದರ ಮೇಲೆ ಮೊನೆಯನ್ನು ಸರಿಸುತ್ತ ಹೋದರೆ, 12 ಇದ್ದುದು ಥಟ್ಟನೆ ಸೊನ್ನೆಗಿಳಿಯುವ ಸ್ಥಳವೇ ಬಿರುಕು. ಸ್ವಿಚ್ಚನ್ನು ತೆಗೆದು, ಅಲ್ಲಿ ಶುಚಿಮಾಡಿ, ವಿದ್ಯುತ್ತನ್ನು ಹರಿಯಗೊಡುವ ಬೆಳ್ಳಿ ಬಣ್ಣವನ್ನು ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಿಸಬೇಕು. ಸಾಧಾರಣ ಬಣ್ಣದಿಂದ ಪ್ರಯೋಜನವಿಲ್ಲ.

ಹಿಂಭಾಗದಲ್ಲಿ ತುಂಬುವ ಗುದ್ದಲಿ, ಕತ್ತಿಗಳ ತುದಿಯು ಗಾಜಿಗೆ ತಾಗದಂತೆ ಚೀಲ ಹೊದಿಸತಕ್ಕದ್ದು. ಗಾಜನ್ನು ಗೆರೆಗಳ ಉದ್ದಕ್ಕೆ ಒರಸಬೇಕೇ ಹೊರತು ಅಡ್ಡಲಾಗಿ ಉಜ್ಜಕೂಡದು.