ತಂತಿಯ ಕುದುರೆ ಮತ್ತು ಅದರ ಜೀನು

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಸೊನೋಮೀಟರನ್ನು ಮುಟ್ಟದ ವಿದ್ಯಾರ್ಥಿಗಳು ವಿರಳ. ಉದ್ದನೆಯ ಪೆಟ್ಟಿಗೆ, ಅದರ ಮೇಲೊಂದು ತಂತಿ, ತಂತಿಯ ತುದಿಗೆ ತೂಗಬಿಟ್ಟ ತೂಕಗಳು, ತಂತಿಯ ಅಡಿಯಲ್ಲಿ ಎರಡು ಮರದ ತುಂಡುಗಳು. ಶ್ರುತಿಕವೆಯನ್ನು ಮಿಡಿದು, ತುಂಡುಗಳನ್ನು ಹಿಂದೆ ಮುಂದೆ ಸರಿಸಿ, ಉದ್ದವನ್ನು ಅಳೆದು, ಕೋಷ್ಟಕವನ್ನು ತುಂಬಿಸಿ ಹೊರಬರುತ್ತೇವೆ. ತೂಕಕ್ಕೂ ಉದ್ದಕ್ಕೂ ಲೆಕ್ಕವುಂಟು. ಆ ಮರದ ತುಂಡಿನ ಆಕಾರವನ್ನು ಕುರಿತು ಮಾತ್ರ ಯಾರೂ ಪ್ರಶ್ನೆ ಕೇಳುವುದಿಲ್ಲ. ಅದರ ನೆತ್ತಿ ಚೂಪಾದ ಏಣಿನಂತೆ ಏಕಿರಬೇಕು? ಅಗಲವಾಗಿದ್ದರೆ ಏನಾಗುತ್ತಿತ್ತು?

ನಮ್ಮ ವೈಣಿಕರು ತಂತಿಯನ್ನು ಹೊರುವ ಈ ತುಂಡಿಗೆ ಕುದುರೆ ಎಂದು ಹೆಸರಿಟ್ಟಿದ್ದಾರೆ. ಗಿಟಾರಿನವರು ಅದರ ಮೇಲೆ ತಂತಿ ಕೂಡುವ ಪುಟ್ಟ ಬಿಡಿಭಾಗವನ್ನು ಸ್ಯಾಡಲ್, ಎಂದರೆ ಜೀನು, ಎನ್ನುತ್ತಾರೆ. ಕುದುರೆ ಒಂದು ದೇಶದ್ದು, ಜೀನು ಇನ್ನೊಂದು ದೇಶದ್ದು. ಆದರೂ ಜೋಡಿ ಚೆನ್ನಾಗಿ ಕೂಡಿದೆ.

ಮೊದಲು ವಿದ್ಯುತ್ ಗಿಟಾರನ್ನು ನೋಡೋಣ. ಅದರ ಉಕ್ಕಿನ ತಂತಿಗಳ ಕೆಳಗೆ ಆಯಸ್ಕಾಂತವೂ ಸುರುಳಿಯೂ ಇರುತ್ತವೆ. ತಂತಿ ಕಂಪಿಸಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರವು ಏರಿಳಿಯುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ನಿಯಮದಂತೆ ಅಲ್ಲಿ ವಿದ್ಯುತ್ತು ಹುಟ್ಟುತ್ತದೆ. (ತಂಬೂರಿಯ ಹಿತ್ತಾಳೆಯ ತಂತಿಯನ್ನು ಇದಕ್ಕೆ ಕಟ್ಟಿದರೆ ವಾದ್ಯವು ಹೆಚ್ಚುಕಡಿಮೆ ಮೂಕವಾಗುವುದು.) ಇಲ್ಲಿ ಕುದುರೆಯು ಪೆಟ್ಟಿಗೆಯನ್ನು ನಡುಗಿಸಿ ಧ್ವನಿಯನ್ನು ದೊಡ್ಡದು ಮಾಡಬೇಕಾಗಿಲ್ಲ. ಅದರ ಮುಖ್ಯ ಕೆಲಸ ತಂತಿಯ ಉದ್ದವನ್ನು ನಿಶ್ಚಯಿಸುವುದು.

ತಂತಿಯ ಆವೃತ್ತಿಯು ಅದರ ಉದ್ದಕ್ಕೆ ವಿಲೋಮವಾಗಿರುತ್ತದೆಂಬ ಮರ್ಸೆನ್ನನ ನಿಯಮವು 1636ರಷ್ಟು ಹಳೆಯದು. ಅದರಂತೆ ತಂತಿಯ ನಟ್ಟನಡುವಿನಲ್ಲಿರುವ ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿದರೆ ಸರಿಯಾಗಿ ಮೇಲಿನ ಷಡ್ಜ ಬರಬೇಕು. ಬರುವುದಿಲ್ಲ, ಸ್ವಲ್ಪ ಏರಿದ ಸ್ವರ ಬರುತ್ತದೆ. ಬೆರಳಿನಿಂದ ಒತ್ತುವಾಗ ತಂತಿಯು ಹಿಗ್ಗಿ ಅದರ ಎಳೆತವು ಹೆಚ್ಚುವುದೇ ಇದಕ್ಕೆ ಕಾರಣ. ಎಲ್ಲ ತಂತಿಗಳಲ್ಲೂ ಈ ಏರಿಕೆ ಒಂದೇ ಪ್ರಮಾಣದಲ್ಲಿರುವುದಿಲ್ಲವಾದ್ದರಿಂದ ಒಂದೇ ಗೆರೆಯಲ್ಲಿ ನಿಂತ ಕುದುರೆಯು ಆರೂ ತಂತಿಗಳಿಗೆ ನ್ಯಾಯ ಒದಗಿಸಲಾರದು. 1954ರಲ್ಲಿ ಅಮೆರಿಕದ ಫೆಂಡರ್ ಸಂಸ್ಥೆಯ ಸ್ಟ್ರಾಟೋಕಾಸ್ಟರ್ ಗಿಟಾರು ಒಂದೊಂದು ತಂತಿಗೂ ಬೇರೆ ಬೇರೆ ಜೀನನ್ನು ಕೊಟ್ಟಿತು. ತಿರುಪನ್ನು ತಿರುಗಿಸಿ ಪ್ರತಿಯೊಂದನ್ನೂ ಹಿಂದೆ ಮುಂದೆ ಸರಿಸಬಹುದು.

ಎಷ್ಟು ಸರಿಸಬೇಕೆಂಬ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಬಹುದು. ಆ ಗಿಟಾರಿನ ತಂತಿಯ ಉದ್ದ 648 ಮಿಲಿಮೀಟರು, ಅರ್ಧ 324. ಜೀನನ್ನು 1 ಮಿಲಿಮೀಟರು ಹಿಂದಕ್ಕೆ ಸರಿಸಿದರೆ ಇಡೀ ಉದ್ದ 649, ಒತ್ತಿದಾಗಿನ ಉದ್ದ 325. ಎರಡು ಆವೃತ್ತಿಗಳ ಪ್ರಮಾಣವು 2ಕ್ಕೆ ಬದಲಾಗಿ 1.997 ಆಗುತ್ತದೆ. ಅರ್ಧಸ್ವರವನ್ನು ನೂರು ಭಾಗ ಮಾಡಿದರೆ ಇದು ಸುಮಾರು ಎರಡೂಮುಕ್ಕಾಲು ಭಾಗದ ಇಳಿಕೆ. ಎಂದಮೇಲೆ ಎಂಟು ಭಾಗ ಏರಿದ ತಂತಿಗೆ ಮೂರು ಮಿಲಿಮೀಟರು ಸಾಕು.

ವರ್ಷಗಟ್ಟಲೆ ತಂತಿ ಉಜ್ಜಿ ಉಜ್ಜಿ ಜೀನಿನ ನೆತ್ತಿಯಲ್ಲಿ ಗೀರು ಬಿದ್ದಾಗ ಅದನ್ನು ಬದಲಾಯಿಸಬೇಕಾಗುತ್ತದೆ. ಕೊಳ್ಳುವ ಮುನ್ನ ತಂತಿಗಳ ನಡುವಣ ಅಂತರವನ್ನೂ ತಿರುಪಿನ ಗಾತ್ರವನ್ನೂ ಅಳೆದುಕೊಳ್ಳಬೇಕು. ಹಳೆಯ ಜೀನು ನಿಂತಿದ್ದ ಸ್ಥಳವನ್ನೂ ಎತ್ತರವನ್ನೂ ಗುರುತು ಮಾಡಿಕೊಳ್ಳಬೇಕು. ಆರೂ ತಂತಿಗಳನ್ನು ಒಮ್ಮೆಗೆ ಬಿಚ್ಚುವ ಆತುರ ಬೇಡ. ಅವುಗಳ ಒಟ್ಟು ಎಳೆತವು ಸುಮಾರು 45 ಕಿಲೋಗ್ರಾಂ ತೂಕಕ್ಕೆ ಸಮ. ಅದು ಒಮ್ಮೆಲೇ ಇಲ್ಲವಾದರೆ ದಂಡಿಯ ಬಾಗು ಬದಲಾಗುತ್ತದೆ. ಒಂದನ್ನು ಬಿಚ್ಚಿ, ಜೀನು ಬದಲಿಸಿ, ಶ್ರುತಿ ಮಾಡಿ, ಅನಂತರ ಮುಂದಿನದಕ್ಕೆ ಹೋಗುವುದು ಲೇಸು. ಕೊನೆಗೆ ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಬರಿದೆ ಸೋಕಿಸಿ ಮೀಟಿದ ಸ್ವರವನ್ನೂ ಒತ್ತಿ ಮೀಟಿದ ಸ್ವರವನ್ನೂ ಹೋಲಿಸಬೇಕು. ಒತ್ತಿದ್ದು ಏರಿದ್ದರೆ ಜೀನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಪ್ರತಿಸಲ ಸರಿಸಿದ ಮೇಲೂ ತಂತಿಯನ್ನು ಮತ್ತೆ ಶ್ರುತಿಗೆ ತರಬೇಕು.

ಗೀರು ಬಿದ್ದ ಜೀನಿನ ಕೆಡುಕು ಏನು? ತಂತಿಯು ಒಂದು ಬಿಂದುವಿನಿಂದ ಚೊಕ್ಕಟವಾಗಿ ಹೊರಡದೆ, ಸವೆದ ಇಳಿಜಾರನ್ನು ಸವರಿಕೊಂಡು ಹೊರಡುತ್ತದೆ. ಆಗ ಗುಂಯ್‌ಗುಡುವ ಸದ್ದು ಕೇಳಿಸುತ್ತದೆ. ಗಿಟಾರಿನವರು ಸಿತಾರಿನ ಸದ್ದು ಬಂತೆಂದು ದೂರುತ್ತಾರೆ! ನಮ್ಮ ಕಿವಿಗೆ ಇದು ವಿಚಿತ್ರವಾದ ದೂರು. ಏಕೆಂದರೆ ಅಲ್ಲಿ ದೋಷವೆನಿಸಿದ್ದನ್ನು ಪಡೆಯಲೆಂದೇ ನಮ್ಮ ಕುಶಲಕರ್ಮಿಗಳು ದಿನಗಟ್ಟಲೆ ಅರ ಹಿಡಿದು ಕುಳಿತುಕೊಳ್ಳುತ್ತಾರೆ.

ತಂಬೂರಿಯ ಕುದುರೆಯ ನೆತ್ತಿಯು ಏಣಲ್ಲ. ಎರಡು ಬೆರಳಗಲದ, ಕಣ್ಣಿಗೆ ಕಂಡೂ ಕಾಣದಷ್ಟು ಇಳಿಜಾರಾದ ಬಯಲು. ತಂತಿಗೂ ಈ ಬಯಲಿಗೂ ನಡುವೆ ಹತ್ತಿಯ ಇಲ್ಲವೆ ರೇಷ್ಮೆಯ ಒಂದು ಎಳೆಯನ್ನು ತೂರಿಸುತ್ತಾರೆ. ಅದಕ್ಕೆ ಜೀವಾ ಎಂದು ಹೆಸರು. ಇದರಿಂದ ಏಳುವ ತುಂಬುನಾದವನ್ನು ಜವಾರಿ ಎನ್ನುತ್ತಾರೆ. (ನಮ್ಮ ವಿಜಾಪುರದ ಕಡೆ ಜವಾರಿ ಎಂದರೆ ನಾಟಿ ತಳಿ, ನಾಡಮಾತು, ವಾದ್ಯದ ಜವಾರಿಯೇ ಬೇರೆ.)

ಇದರ ಮರ್ಮವನ್ನು ಭೌತವಿಜ್ಞಾನದ ದೃಷ್ಟಿಯಿಂದ ಎತ್ತಿ ತೋರಿಸಿದವರು ಸಿ. ವಿ. ರಾಮನ್. ಆಗ ಅವರು ಕಲ್ಕತ್ತೆಯಲ್ಲಿದ್ದರು, ಲೇಖನ 1921ರದು. ಅವರ ಪ್ರಯೋಗವನ್ನು ಯಾವ ವಿದ್ಯಾರ್ಥಿಯಾದರೂ ಮಾಡಿನೋಡಬಹುದು. ಗಿಟಾರಿನ ತಂತಿಯನ್ನು ಸರಿಯಾಗಿ ನಡುವಿನಲ್ಲಿ ಮೀಟಿ, ಮರುಕ್ಷಣವೇ ಅದೇ ಬಿಂದುವನ್ನು ಬೆರಳಿನಿಂದ ಮುಟ್ಟಿರಿ. ನಡುವೆ ಮೀಟಿದಾಗ, ಅಲ್ಲಿ ನಿಸ್ಪಂದ ಬಿಂದುವುಳ್ಳ ಉಪಸ್ವರಗಳು ಹುಟ್ಟಲಾರವು. ಇದು ಇಂಗ್ಲೆಂಡಿನ ಥಾಮಸ್ ಯಂಗ್ ತಿಳಿಸಿದ ನಿಯಮ. ಹುಟ್ಟಿದ ಉಳಿದ ಸ್ವರಗಳನ್ನು ಬೆರಳು ಅಡಗಿಸುತ್ತದೆ. ಆದ್ದರಿಂದ ನಾದ ನಿಲ್ಲಬೇಕು, ಹೆಚ್ಚುಕಡಿಮೆ ನಿಲ್ಲುತ್ತದೆ. ಈಗ ತಂಬೂರಿಯಲ್ಲಿ ಹಾಗೆಯೇ ಮಾಡಿರಿ. ನಾದ ನಿಲ್ಲುವುದಿಲ್ಲ. ಹುಟ್ಟಲೇಬಾರದೆಂದು ನಿಯಮ ಹೇಳಿದ ಮೇಲಿನ ಷಡ್ಜವು ಸ್ಪಷ್ಟವಾಗಿ ಮೊಳಗುತ್ತದೆ!

ನಿಯಮ ಸುಳ್ಳಾಯಿತೇ? ಇಲ್ಲ. ತಂತಿಯ ತುದಿಯು ಒಂದೇ ಬಿಂದುವಿನಲ್ಲಿ ಸ್ಥಿರವಾಗಿದ್ದರೆ ಮಾತ್ರ ಆ ನಿಯಮ ಸಲ್ಲುತ್ತದೆ. ತಂಬೂರಿಯಲ್ಲಿ ತಂತಿ ಕೆಳಗಿಳಿದಾಗ ಕುದುರೆಯ ಇಳಿಜಾರಿಗೆ ತಗಲಿ ಕೊಂಚ ಗಿಡ್ಡಾಗುತ್ತದೆ. ಮೇಲೆದ್ದಾಗ ಬಿಡಿಸಿಕೊಂಡು ಉದ್ದವಾಗುತ್ತದೆ. ಪ್ರತಿಯೊಂದು ಕಂಪನದಲ್ಲಿಯೂ ಆಗುವ ಈ ತಾಕಲಾಟದಿಂದ ಮೂಲಸ್ವರದ ಶಕ್ತಿಯಲ್ಲಿ ಒಂದಂಶವು ಮೇಲಿನ ಉಪಸ್ವರಗಳಿಗೆ ಹಂಚಿಹೋಗುತ್ತದೆ. ಜೀವಾ ಎಳೆಯು ಆ ತಾಕಿನ ಅಂತರವನ್ನು ಕೂದಲೆಳೆಯಷ್ಟು ನಿಯಂತ್ರಿಸುತ್ತದೆ. ಎಳೆಯನ್ನು ತೆಗೆದು ಮೀಟಿ ಕೇಳಿದರೆ ಅದರ ಮಹತ್ವ ತಿಳಿಯುವುದು.

ಈ ಇಳಿಜಾರೂ ಸವೆಯುತ್ತದೆ. ಇಂಡಿ ತಾಲೂಕಿನ ಅಗರಖೇಡದಂಥ ಊರಿನಲ್ಲಿ ಭಜನೆಯ ತಂಬೂರಿ ಮಂಕಾಯಿತೆಂದರೆ, ಹೊಸ ತಂತಿ ಕಟ್ಟಿ ನೋಡಿ, ಸರಿಹೋಗದಿದ್ದರೆ ವಾದ್ಯವೇ ಸತ್ತಿತೆಂದು ಮೂಲೆಗೊರಗಿಸಿ, ಆ ಜಾಗಕ್ಕೆ ವಿದ್ಯುತ್ ಶ್ರುತಿಪೆಟ್ಟಿಗೆಯನ್ನು ತರುವುದು ಸುಲಭ. ಸತ್ತಿರುವುದು ವಾದ್ಯವಲ್ಲ, ಕುದುರೆಯ ನೆತ್ತಿ. ಅದನ್ನು ತಿದ್ದಬಲ್ಲ ಕೈಗಳು ಗಡಿಯಾಚೆಯ ಮೀರಜಿನಲ್ಲಿವೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೆಯ ಶತಮಾನದಲ್ಲಿ ಅಲ್ಲಿ ವಾದ್ಯಗಳ ಕೆಲಸಕ್ಕೆ ತೊಡಗಿದರು. 2024ರಲ್ಲಿ ಆ ಊರಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಹಿಂದೆ ಕುದುರೆಗೆ ಆನೆಯ ದಂತವನ್ನೂ ಬಳಸುತ್ತಿದ್ದರು. ವನ್ಯಜೀವಿ ಕಾಯ್ದೆಗೆ 1986ರಲ್ಲಾದ ತಿದ್ದುಪಡಿಯಿಂದ ದೇಶದೊಳಗೂ ದಂತದ ವ್ಯಾಪಾರ ನಿಂತಿತು, ಆದದ್ದು ಒಳ್ಳೆಯದೇ. ಈಗ ಮೂಳೆ, ಕರಿಮರ, ಕೃತಕ ವಸ್ತುಗಳು ಬಳಕೆಯಲ್ಲಿವೆ.

ಗಿಟಾರಿನ ಜೀನನ್ನು ಅಂಗಡಿಯಿಂದ ತಂದು ವಿದ್ಯಾರ್ಥಿಯೇ ಕೂಡಿಸಬಹುದು. ತಂಬೂರಿಯ ಕುದುರೆಗೆ ಮರಳುಕಾಗದ ಹಿಡಿಯುವ ಸಾಹಸ ಮಾತ್ರ ಸಲ್ಲದು. ಒಮ್ಮೆ ಹೆಚ್ಚಾಗಿ ತೆಗೆದುದನ್ನು ಮತ್ತೆ ಸೇರಿಸಲಾಗದು. ಮೊದಲು ಹಳೆಯ ಎಳೆಯನ್ನು ತೆಗೆದು ಹೊಸದನ್ನಿಡಬೇಕು. ಅದನ್ನು ಕೂದಲಷ್ಟು ಹಿಂದೆ ಮುಂದೆ ಸರಿಸುತ್ತ ಕೇಳಬೇಕು. ಅದಕ್ಕೂ ನಾದ ತೆರೆಯದಿದ್ದರೆ ಕುಶಲಕರ್ಮಿಯ ಬಳಿಗೆ ಇಡೀ ತಂಬೂರಿಯನ್ನೇ ಒಯ್ಯಬೇಕು, ಬರಿಯ ಕುದುರೆಯನ್ನಲ್ಲ. ಅವನು ತುಸು ಅರೆದು, ತಂತಿ ಏರಿಸಿ, ಮೀಟಿ ಕೇಳಿ, ಮತ್ತೆ ಇಳಿಸಿ ಅರೆಯುತ್ತಾನೆ.