ಶುಗರ್, ಬಿ.ಪಿ. ಜೊತೆಗೆ ಬಾಯಿಯನ್ನೂ ತೋರಿಸಿ



ಹಸು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುತ್ತೀರಿ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡದೆ ದುಡ್ಡು ಎಣಿಸುವುದಿಲ್ಲ. ನಿಮ್ಮ ಬಾಯಿಯನ್ನು ಯಾರಾದರೂ ಟಾರ್ಚ್ ಹಿಡಿದು ನೋಡಿ ಎಷ್ಟು ವರ್ಷವಾಯಿತು? ಹಲ್ಲು ನೋವೆಂದರೆ ಲವಂಗ ಕಚ್ಚಿ, ಮಾತ್ರೆ ನುಂಗಿ, ಸಂಜೆ ಹಾಲು ಕರೆಯಲು ಕೂರುವವರೇ ಹೆಚ್ಚು. ಹಲ್ಲಿನ ಡಾಕ್ಟರು ಇರುವುದು ತಾಲ್ಲೂಕಿನಲ್ಲಿ, ಹೋದರೆ ಕೊಟ್ಟಿಗೆ ಕೆಲಸ ನೋಡುವವರಿಲ್ಲ. ಇದು ನಿಜವಾದ ಕಷ್ಟವೇ.

ಆದರೆ ಮೊದಲ ತಪಾಸಣೆಗೆ ಅಷ್ಟು ದೂರ ಹೋಗಬೇಕಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೇಳಿರುವ 12 ಬಗೆಯ ಸೇವೆಗಳಲ್ಲಿ ಬಾಯಿ, ಹಲ್ಲಿನ ಆರೈಕೆಯೂ ಒಂದು. 30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಬಂದು ಫಾರಂ ತುಂಬುತ್ತಾರಲ್ಲ, ಅದರಲ್ಲಿ ತಂಬಾಕು ಬಳಸುತ್ತೀರಾ, ಬಾಯಿ ತೆರೆಯಲು ಕಷ್ಟವೇ, ಎರಡು ವಾರವಾದರೂ ಮಾಯದ ಹುಣ್ಣು ಇದೆಯೇ ಎಂಬ ಪ್ರಶ್ನೆಗಳಿವೆ. "ಏನೂ ಇಲ್ಲ, ಬರ್ಕೊಳಮ್ಮ" ಎಂದು ಸಾಗಹಾಕಬೇಡಿ.

ಏಕೆಂದರೆ ಬಾಯಿ ಕ್ಯಾನ್ಸರ್ ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು, ಗಟ್ಟಿ ಗಂಟು ಕಂಡರೆ ತಡಮಾಡದೆ ತೋರಿಸಿ. ಖಾರ ತಿಂದರೆ ವಿಪರೀತ ಉರಿ, ಮೂರು ಬೆರಳು ನಿಲ್ಲಿಸಿ ಒಳಗಿಡುವಷ್ಟು ಬಾಯಿ ತೆರೆಯದಿರುವುದು ಅಡಿಕೆ ಜಗಿಯುವವರಲ್ಲಿ ಕಾಣುವ ಇನ್ನೊಂದು ಕಾಯಿಲೆಯ ಗುರುತು. ಹೊಗೆಸೊಪ್ಪು ಸೇರಿಸದಿದ್ದರೆ ಎಲೆಅಡಿಕೆ ಏನೂ ಮಾಡದು ಎನ್ನುವವರಿದ್ದಾರೆ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2004ರ ವರದಿ ಹೇಳಿದೆ. ಅಡಿಕೆ ಬೆಳೆಯುವ ಮನೆಯವರಿಗೆ ಈ ಮಾತು ಹಿತವಾಗದಿರಬಹುದು, ಆದರೂ ಹೇಳಲೇಬೇಕು.

ಇನ್ನು ವಸಡು. ಕರೆಯುವ ಮುನ್ನ ನಾಲ್ಕು ಹನಿ ಬೇರೆ ಬಟ್ಟಲಿಗೆ ಹಿಂಡಿ, ಹಾಲಿನಲ್ಲಿ ಹೆಪ್ಪು ಕಂಡರೆ ಕೆಚ್ಚಲು ಬಾವು ಎಂದು ಎಚ್ಚರಗೊಳ್ಳುತ್ತೀರಲ್ಲ, ಉಜ್ಜುವಾಗ ವಸಡಿನಿಂದ ಬರುವ ರಕ್ತವೂ ಅಂಥದೇ ಮುನ್ಸೂಚನೆ. ಸಕ್ಕರೆ ಕಾಯಿಲೆ ಇದ್ದವರಿಗೆ ವಸಡು ಬೇಗ ಕೆಡುತ್ತದೆ. ಕೆಟ್ಟ ವಸಡು ಇದ್ದರೆ ಸಕ್ಕರೆಯೂ ಸುಲಭವಾಗಿ ಹತೋಟಿಗೆ ಬಾರದು. ಆದ್ದರಿಂದ ಶುಗರ್ ಮಾತ್ರೆಗೆಂದು ಹೋದ ದಿನವೇ ಬಾಯಿಯನ್ನೂ ತೋರಿಸಿ, ಎರಡು ಕೆಲಸ ಒಂದೇ ನಡಿಗೆಯಲ್ಲಿ ಮುಗಿಯುತ್ತದೆ. ಬಸುರಿಯರಲ್ಲಿ ವಸಡು ಊದಿ ರಕ್ತ ಬರುವುದು ಸಾಮಾನ್ಯ. ತಾಯಿ ಕಾರ್ಡ್ ಹಿಡಿದು ಹೋದಾಗ ನರ್ಸ್‌ಗೆ ಹೇಳಿ. ಬಸುರಿನಲ್ಲಿ ಹಲ್ಲಿನ ಚಿಕಿತ್ಸೆ ಕೂಡದೆಂಬುದು ತಪ್ಪು ತಿಳಿವಳಿಕೆ.

ಉಪಕೇಂದ್ರದಲ್ಲಿ ಹಲ್ಲು ಕೀಳುವುದಿಲ್ಲ, ತುಂಬುವುದೂ ಇಲ್ಲ. ಅನುಮಾನ ಕಂಡರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಚೀಟಿ ಬರೆದು ಮೇಲಿನ ಆಸ್ಪತ್ರೆಗೆ ಕಳಿಸುತ್ತಾರೆ. ಆ ಚೀಟಿಯನ್ನು ಡೇರಿ ಪಾಸ್‌ಬುಕ್ಕಿನೊಳಗೆ ಮಡಚಿಟ್ಟು ಮರೆಯಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋದಾಗ, ಹಲ್ಲೆಲ್ಲ ಹೋಗಿ ಮುದ್ದೆ ನುಂಗಿಕೊಂಡಿರುವ ಅತ್ತೆಯನ್ನೂ ಕರೆದೊಯ್ಯಿರಿ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲುಸೆಟ್ ಕೊಡಲು ರಾಜ್ಯ ಸರ್ಕಾರ ತಂದ ದಂತ ಭಾಗ್ಯ ಯೋಜನೆಯ ಬಗ್ಗೆ ಅಲ್ಲಿಯೇ ವಿಚಾರಿಸಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.